ಆ್ಯಂಟಿಬಯಾಟಿಕ್ ಮುಗಿದ ಮೇಲೆ ಹೊಟ್ಟೆಗೆ ಯಾವುದು ಒಳ್ಳೇದು: ಮೊಸರಾ, ಅಂಬಲಿಯಾ, ತಂಗಳನ್ನವಾ, ಕ್ಯಾಪ್ಸೂಲಾ?

ಡಿಸ್ಚಾರ್ಜ್ ಆಗುವ ದಿನ ಕೈಗೆ ಚುಚ್ಚಿದ ಕ್ಯಾನುಲಾ ತೆಗೆಸಿಕೊಂಡು, ಫ್ಲಾಸ್ಕು, ತಟ್ಟೆ, ಬೆಡ್‌ಶೀಟು ಎಲ್ಲ ಬ್ಯಾಗಿಗೆ ತುಂಬಿಕೊಂಡ ಮೇಲೆ ಹತ್ತರಲ್ಲಿ ಎಂಟು ಮನೆಯವರು ಬಾಗಿಲ ಹತ್ತಿರ ನಿಂತು ಕೇಳುವುದು ಒಂದೇ ಪ್ರಶ್ನೆ. "ಸಿಸ್ಟರ್, ಮೊಸರು ಕೊಡಬಹುದಾ?" ಡಿಸ್ಚಾರ್ಜ್ ಕಾರ್ಡಿನಲ್ಲಿ ಏಳೆಂಟು ಔಷಧಿ ಹೆಸರು ಇರುತ್ತದೆ. ಊಟದ ಜಾಗದಲ್ಲಿ ಮಾತ್ರ "ಸಾಫ್ಟ್ ಡಯಟ್" ಅಂತ ಎರಡು ಪದ. ಅದೇನು ಅಂತ ಯಾರೂ ಹೇಳುವುದಿಲ್ಲ. ರೌಂಡ್ಸ್ ಮುಗಿಸಿ ಓಡುತ್ತಿರುವ ಡಾಕ್ಟರಿಗೆ ಪುರುಸೊತ್ತಿಲ್ಲ, ನಮಗೂ ಅಷ್ಟರಲ್ಲಿ ಮುಂದಿನ ಅಡ್ಮಿಷನ್ ಬಂದಿರುತ್ತದೆ.

ನಾನು ಬಹಳ ವರ್ಷ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಮಧ್ಯೆ ಟೈಫಾಯ್ಡ್ ಬಂದು ಅಂಥದ್ದೇ ವಾರ್ಡಿನಲ್ಲಿ ಮಲಗಿ ಸೆಫ್ಟ್ರಿಯಾಕ್ಸೋನ್ ಅನ್ನುವ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿಸಿಕೊಂಡವಳು ಕೂಡ. ಜ್ವರ ಬಿಟ್ಟಿತು. ಹೊಟ್ಟೆ ಮಾತ್ರ ಸರಿಹೋಗಲು ಜಾಸ್ತಿ ದಿನ ಹಿಡಿಯಿತು. ತಿಂದದ್ದೆಲ್ಲ ಗುಡುಗುಡು, ಸ್ವಲ್ಪ ಸಡಿಲ, ಸ್ವಲ್ಪ ಉಬ್ಬರ. ಆಗ ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಅತ್ತೆ ಅಂಬಲಿ ಅಂದರು, ಪಕ್ಕದ ಮನೆಯವರು ತಂಗಳನ್ನ ಅಂದರು, ತಂಗಿ ಮಗಳು ಕೊಂಬುಚಾ (ಹುಳಿ ಬರಿಸಿದ ಸಿಹಿ ಚಹಾ) ಬಾಟಲಿ ತಂದಿಟ್ಟಳು, ಮೆಡಿಕಲ್ ಶಾಪಿನವನು ಕ್ಯಾಪ್ಸೂಲ್ ಕೊಟ್ಟ. ಎಲ್ಲವೂ "ಒಳ್ಳೇ ಬ್ಯಾಕ್ಟೀರಿಯಾ" ಅನ್ನುವ ಒಂದೇ ಬೋರ್ಡಿನ ಕೆಳಗೆ. ಆದರೆ ಇವು ಒಂದೇ ಅಲ್ಲ. ಯಾವುದು ಎಲ್ಲಕ್ಕಿಂತ ಒಳ್ಳೇದು ಅಂತ ಕೇಳುವುದಕ್ಕಿಂತ, ನಿಮ್ಮ ಹೊಟ್ಟೆ ಈಗ ಯಾವ ಹಂತದಲ್ಲಿದೆ ಅಂತ ಮೊದಲು ಕೇಳಿಕೊಂಡರೆ ಆಯ್ಕೆ ಸುಲಭ.

ಮೊದಲು ನೀರು, ಆಮೇಲೆ ಬ್ಯಾಕ್ಟೀರಿಯಾ

ಇನ್ನೂ ಭೇದಿ ಆಗುತ್ತಿದೆ ಅಂದರೆ ಮೊಸರು-ಅಂಬಲಿ ಚರ್ಚೆಯನ್ನೇ ಪಕ್ಕಕ್ಕಿಡಿ. ಆಗ ಬೇಕಿರುವುದು ನೀರು, ಉಪ್ಪು, ಸಕ್ಕರೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಖಾಲಿಯಾದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಓಆರ್‌ಎಸ್ ಕಲಸಿ ಕುಡಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಮೊಸರಿಗಾಗಲಿ ಕ್ಯಾಪ್ಸೂಲಿಗಾಗಲಿ ಇಂಥ ದಾಖಲೆ ಇಲ್ಲ.

ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೆ ಓಆರ್‌ಎಸ್ ಆಯಿತಲ್ಲ ಅನ್ನುತ್ತಾರೆ. ಆಗುವುದಿಲ್ಲ. ಜೊತೆಗೆ ಕುಡಿಯಿರಿ, ಬದಲಿಗೆ ಬೇಡ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಂದು ಲೆಕ್ಕದಲ್ಲಿದ್ದರೇನೇ ಕರುಳು ನೀರನ್ನು ಒಳಗೆಳೆದುಕೊಳ್ಳುವುದು. ದೊಡ್ಡ ಪ್ಯಾಕೆಟ್ಟು ಪೂರ್ತಿ 1 ಲೀಟರ್ ನೀರಿಗೆ. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಕಲಸಿ ಕೊಡುವುದನ್ನು ವಾರ್ಡಿನಲ್ಲಿ ದಿನಾ ನೋಡಿದ್ದೇನೆ. ಅದರಿಂದ ಭೇದಿ ಇನ್ನೂ ಜಾಸ್ತಿಯಾಗಬಹುದು. ಪ್ಯಾಕೆಟ್ಟು ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಣ್ಣಿನ ರುಚಿಯ ಎಷ್ಟೋ ಟೆಟ್ರಾಪ್ಯಾಕ್‌ಗಳು ಓಆರ್‌ಎಸ್ ಅಲ್ಲ, ಸಕ್ಕರೆ ಪಾನಕ. ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ 2025ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಹೊರಡಿಸಿತು.

ಆ್ಯಂಟಿಬಯಾಟಿಕ್ ಹೊಟ್ಟೆಗೆ ಮಾಡುವುದೇನು

2018ರಲ್ಲಿ ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತ ಗಂಡಸರಿಗೆ 4 ದಿನ ಮೆರೋಪೆನೆಮ್, ವ್ಯಾಂಕೋಮೈಸಿನ್, ಜೆಂಟಾಮೈಸಿನ್ ಅನ್ನುವ ಮೂರು ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ಮೂರೂ ನಾನು ಕೈಯಾರೆ ಹಾಕಿರುವ ಔಷಧಿಗಳೇ, ಅದಕ್ಕೇ ಓದುವಾಗ ಸ್ವಲ್ಪ ಎದೆ ಝಲ್ಲೆಂದಿತು. ಒಂದೂವರೆ ತಿಂಗಳಲ್ಲಿ ಹೆಚ್ಚುಕಮ್ಮಿ ಕರುಳಿನ ಬ್ಯಾಕ್ಟೀರಿಯಾ ಮೊದಲಿನಂತಾಯಿತು. ಆದರೆ ಮೊದಲು ಎಲ್ಲರಲ್ಲೂ ಇದ್ದ 9 ಜಾತಿಗಳು ಆರು ತಿಂಗಳಾದರೂ ಬಹಳ ಜನರಲ್ಲಿ ಕಾಣಲಿಲ್ಲ. ಅಂದರೆ ಎರಡು ವಿಷಯ. ಹೊಟ್ಟೆ ತನ್ನಷ್ಟಕ್ಕೆ ತಾನೇ ಬಹುಮಟ್ಟಿಗೆ ಸರಿಹೋಗುತ್ತದೆ. ಅದಕ್ಕೆ ವಾರಗಳು ಬೇಕು, ಎರಡು ದಿನದಲ್ಲಿ ಆಗುವ ಕೆಲಸ ಅಲ್ಲ. ನಾವು ಮನೆಯಲ್ಲಿ ಕೊಡುವ ಹುಳಿ ಬರಿಸಿದ ಪದಾರ್ಥ ಆ ವಾರಗಳನ್ನು ಸಲೀಸು ಮಾಡಬೇಕು, ಹೊಸ ತೊಂದರೆ ತರಬಾರದು. ಅಳತೆಗೋಲು ಇಷ್ಟೇ.

ಮೊಸರು, ಮಜ್ಜಿಗೆ: ಮೊದಲ ಆಯ್ಕೆ ಇದೇ

ಯಾಕೆ ಅಂದರೆ, ಹುಳಿಯಾದ ಮೇಲೆ ಬೇಯಿಸದೆ ತಿನ್ನುತ್ತೇವೆ. ಒಳಗಿರುವ ಬ್ಯಾಕ್ಟೀರಿಯಾ ಬದುಕಿಯೇ ಬಾಯಿಗೆ ಬರುತ್ತವೆ. ಹಾಲು ಮೊದಲೇ ಕುದ್ದಿರುವುದರಿಂದ ಕೆಟ್ಟ ಕ್ರಿಮಿಗಳ ಭಯ ಕಡಿಮೆ. ಇನ್ನೊಂದು ದೊಡ್ಡ ಕಾರಣ ಲ್ಯಾಕ್ಟೋಸ್. ಜೋರು ಭೇದಿಯಾದ ಮೇಲೆ ಕರುಳಿನ ಒಳಪದರ ಸವೆದು, ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಸ್ವಲ್ಪ ದಿನ ಕಮ್ಮಿಯಾಗಿರುತ್ತದೆ. ಎಷ್ಟೋ ಕಡೆ ಬೆಳಿಗ್ಗೆ ಟ್ರಾಲಿಯಲ್ಲಿ ಬರುವುದು ಹಾಲು-ಬ್ರೆಡ್ಡು. ಅದನ್ನು ತಿಂದು ಹೊಟ್ಟೆ ಉಬ್ಬಿಸಿಕೊಂಡು "ಸಿಸ್ಟರ್, ಗ್ಯಾಸು" ಅನ್ನುವವರನ್ನು ಲೆಕ್ಕ ಇಟ್ಟವರಿಲ್ಲ. ಅದೇ ಜನಕ್ಕೆ ಮಧ್ಯಾಹ್ನದ ಮೊಸರನ್ನ ಏನೂ ಮಾಡುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ನಮ್ಮ ಹೊಟ್ಟೆಯೊಳಗೂ ಅರಗಿಸಲು ನೆರವಾಗುತ್ತವೆ. ಜೀವಂತ ಬ್ಯಾಕ್ಟೀರಿಯಾ ಇರುವ ಮೊಸರು ಲ್ಯಾಕ್ಟೋಸ್ ಅರಗಿಸಲು ಸಹಾಯ ಮಾಡುತ್ತದೆ ಅನ್ನುವ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಿಕೊಂಡಿದೆ. ಆ ಸಂಸ್ಥೆ ಇಂಥ ವಿಷಯದಲ್ಲಿ ಬಹಳ ಜಿಪುಣ, ಪ್ರೊಬಯಾಟಿಕ್ (ಜೀವಂತ ಒಳ್ಳೇ ಕ್ರಿಮಿಗಳಿರುವ ಪದಾರ್ಥ) ಕಂಪನಿಗಳ ಹೆಚ್ಚಿನ ಕೋರಿಕೆಗಳನ್ನು ತಳ್ಳಿಹಾಕಿದೆ.

ಮನೆ ಮೊಸರಾ, ಪ್ಯಾಕೆಟ್ ಮೊಸರಾ? ನನಗೆ ಜಗಳವೇ ಕಾಣುವುದಿಲ್ಲ. ನಂದಿನಿ ಪ್ಯಾಕೆಟ್ಟಿನ ಮೊಸರಿನಿಂದಲೇ ಹೆಪ್ಪು ಹಾಕಿದರೆ ಹಾಲು ಮೊಸರಾಗುತ್ತದೆ ಅಲ್ವಾ, ಅಂದರೆ ಅದರಲ್ಲೂ ಜೀವ ಇದೆ. ಯಾವ ಮೊಸರನ್ನಾದರೂ ಹೀಗೆ ಪರೀಕ್ಷೆ ಮಾಡಬಹುದು. ವಿದೇಶದಲ್ಲಿರುವವರು ಡಬ್ಬಿಯ ಮೇಲೆ ಹುಳಿಯಾದ ನಂತರ ಬಿಸಿ ಮಾಡಿದ್ದು ಅಂತ ಬರೆದಿದೆಯಾ ನೋಡಿಕೊಳ್ಳಿ. ಬರೆದಿದ್ದರೆ ಅದು ಬರೀ ರುಚಿಗೆ. ಹಣ್ಣು-ಸಕ್ಕರೆ ಬೆರೆಸಿದ ಕಪ್ಪುಗಳು ಡೆಸರ್ಟ್, ಅವುಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಅಂಗಡಿಯಲ್ಲಿ ಸಿಗುವ ಯಾಕುಲ್ಟ್ ಅನ್ನುವ ಪ್ರೊಬಯಾಟಿಕ್ ಪಾನೀಯದ 65 ಮಿಲಿಯ ಬಾಟಲಿಯ ಮೇಲೆ 650 ಕೋಟಿ ಬ್ಯಾಕ್ಟೀರಿಯಾ ಅಂತ ಲೆಕ್ಕ ಬರೆದಿರುತ್ತದೆ. ಮನೆ ಮೊಸರಿಗೆ ಲೆಕ್ಕ ಬರೆಯುವವರಿಲ್ಲ, ವ್ಯತ್ಯಾಸ ಮುಖ್ಯವಾಗಿ ಅಷ್ಟೇ. ಅದರಲ್ಲಿರುವುದು ಹೆಸರಿಟ್ಟ ಒಂದು ತಳಿ, ನಮ್ಮದರಲ್ಲಿ ಮನೆಗೊಂದು ಬೆರಕೆ. ಅದರಲ್ಲಿ ಸಕ್ಕರೆಯೂ ಇದೆ, ಸಕ್ಕರೆ ಕಾಯಿಲೆಯವರು ಗಮನಿಸಬೇಕು.

ಮನೆಯಲ್ಲಿ ಹಾಕುವವರಿಗೆ ಒಂದೇ ಮಾತು. ಹಾಲು ಕುದಿಸಿ, ಕಿರುಬೆರಳು ಅದ್ದಿದರೆ ಬೆಚ್ಚಗೆ ತಾಕುವಷ್ಟು, ಅಂದರೆ 40ರಿಂದ 45 ಡಿಗ್ರಿಗೆ ಬಂದ ಮೇಲೆ ಹೆಪ್ಪು. ಜಾಸ್ತಿ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ. ತಣ್ಣಗಿದ್ದರೆ ನಿಧಾನವಾಗಿ, ಲೋಳೆ ಲೋಳೆಯಾಗಿ ಆಗುತ್ತದೆ. ಹೆಪ್ಪಿನ ಚಮಚ ಒಣಗಿರಲಿ, ಯಾರೂ ನೆಕ್ಕಿದ್ದಿರಬಾರದು. ಮಜ್ಜಿಗೆಗೆ ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಲಿ. ಎಷ್ಟೋ ಮನೆಗಳಲ್ಲಿ ಮೊಸರಿನ ಬಗ್ಗೆ ಇರುವ ಮಡಿ ಆ ನೀರಿನ ಬಗ್ಗೆ ಇರುವುದಿಲ್ಲ. ಟೈಫಾಯ್ಡ್ ಬರುವುದು ಅಲ್ಲಿಂದಲೇ. ಮಜ್ಜಿಗೆ ಹುಳಿ ಮಾಡಿ ಕುದಿಸಿದರೆ ರುಚಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಉಳಿಯುವುದಿಲ್ಲ.

ಇನ್ನು ಹಳೇ ಮಾತುಗಳು. ಆಪರೇಷನ್ ಆದವರಿಗೆ ಮೊಸರು ಕೊಟ್ಟರೆ ಹೊಲಿಗೆ ಕೀವಾಗುತ್ತದೆ, ಬಾಣಂತಿಗೆ ಶೀತ, ಜ್ವರಕ್ಕೆ ಕೂಡದು. ಕೀವು ಆಗುವುದು ಗಾಯಕ್ಕೆ ಸೋಂಕು ತಗುಲಿದರೆ, ಮೊಸರಿನಿಂದ ಅಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು, ಮೊಸರಿನಲ್ಲಿ ಅದು ಇದೆ. ಆದರೆ ಈ ಮಾತಿಗೆ ಅಜ್ಜಿಯ ಜೊತೆ ವಾರ್ಡಿನಲ್ಲಿ ಜಗಳ ಮಾಡಬೇಡಿ. ಫ್ರಿಜ್ಜಿನಿಂದ ತೆಗೆದದ್ದು ಬೇಡ, ಹಗಲು ಹೊತ್ತು ಕೊಡೋಣ ಅಂದರೆ ಅವರೂ ಒಪ್ಪುತ್ತಾರೆ.

ನಿಜವಾಗಿ ಗಮನ ಕೊಡಬೇಕಾದ್ದು ಮಾತ್ರೆಯ ಜೊತೆಗಿನ ಹೊಂದಾಣಿಕೆಗೆ. ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಮೊಸರು-ಮಜ್ಜಿಗೆ ಜೊತೆ ನುಂಗಿದರೆ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ಬಿಡುತ್ತದೆ, ರಕ್ತಕ್ಕೆ ಸೇರುವ ಔಷಧಿ ಕಮ್ಮಿಯಾಗುತ್ತದೆ. ಮಾತ್ರೆ ನುಂಗಿ 2 ಗಂಟೆ ಬಿಟ್ಟು ಮೊಸರು, ಮೊಸರು ಮೊದಲೇ ಆಗಿಹೋಗಿದ್ದರೆ 6 ಗಂಟೆ ಬಿಟ್ಟು ಮಾತ್ರೆ. ಡಾಕ್ಸಿಸೈಕ್ಲಿನ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್‌ಗೂ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಜಾಸ್ತಿ ಇರುವ ಆಹಾರಕ್ಕೂ ನಡುವೆ 4 ಗಂಟೆ ಬಿಟ್ಟರೆ ಒಳ್ಳೇದು. ಇದು ರಾಗಿಗೂ ಅನ್ವಯಿಸುತ್ತದೆ.

ಅಂಬಲಿ ಮತ್ತು ತಂಗಳನ್ನ: ಇಲ್ಲಿ ಸ್ವಲ್ಪ ನಿಧಾನ ಮಾಡೋಣ

ಈ ಎರಡನ್ನೂ ಜನ ಒಂದೇ ಉಸಿರಲ್ಲಿ ಹೇಳುತ್ತಾರೆ. ಅಪಾಯದ ಲೆಕ್ಕದಲ್ಲಿ ಎರಡೂ ಬಹಳ ದೂರ ದೂರ.

ಅಂಬಲಿ ಮಾಡುವ ರೀತಿ ಊರಿಗೊಂದು. ಹಳೇ ಮೈಸೂರು ಕಡೆ ರಾಗಿ ಹಿಟ್ಟನ್ನು ರಾತ್ರಿ ನೀರಿಗೆ ಕಲಸಿಟ್ಟು, ಬೆಳಿಗ್ಗೆ ಹುಳಿ ವಾಸನೆ ಬಂದ ಮೇಲೆ ಬೇಯಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯುತ್ತಾರೆ. ಬಳ್ಳಾರಿ, ರಾಯಚೂರಿನ ಕಡೆ ಜೋಳದ ಅಂಬಲಿ. ಇನ್ನು ಕೆಲವರು ಬೇಯಿಸಿದ ಗಂಜಿಯನ್ನೇ ಮಡಕೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಹಾಗೇ ಕುಡಿಯುತ್ತಾರೆ. ಆಸ್ಪತ್ರೆಯಿಂದ ಬಂದವರಿಗೆ ನಾನು ಹೇಳುವುದು ಮೊದಲನೇ ರೀತಿ. ರಾತ್ರಿ ಹಿಟ್ಟಿನಲ್ಲಿ ಒಳ್ಳೇದು ಬೆಳೆದಿದ್ದರೂ ಕೆಟ್ಟದ್ದು ಬೆಳೆದಿದ್ದರೂ ಬೆಳಿಗ್ಗೆ ಬೇಯಿಸುವಾಗ ಬಹುಪಾಲು ಸಾಯುತ್ತದೆ. ಬೇಕಾದ ಜೀವಂತ ಬ್ಯಾಕ್ಟೀರಿಯಾವನ್ನು ಆಮೇಲೆ ಹಾಕುವ ಮಜ್ಜಿಗೆ ಕೊಡುತ್ತದೆ. ಹಾಗಾದರೆ ರಾತ್ರಿ ಹುಳಿ ಬರಿಸುವುದು ಸುಮ್ನೆನಾ? ಅಲ್ಲ. ಹುಳಿಯಾಗುವಾಗ ರಾಗಿಯಲ್ಲಿರುವ ಫೈಟೇಟ್ ಒಡೆಯುತ್ತದೆ. ಈ ಫೈಟೇಟ್ ಕಬ್ಬಿಣ, ಕ್ಯಾಲ್ಸಿಯಂ, ಸತುವನ್ನು ಹಿಡಿದಿಟ್ಟುಕೊಂಡು ನಮಗೆ ದಕ್ಕದಂತೆ ಮಾಡುವ ವಸ್ತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಮೈಗೆ ಹತ್ತಬೇಕಾದರೆ ಹುಳಿ ಬರಿಸಬೇಕು ಅಥವಾ ಮೊಳಕೆ ಕಟ್ಟಬೇಕು ಅಂತ ಕಮ್ಮಿ ಜನ ಹೇಳುತ್ತಾರೆ.

ಬಾಯಿ ರುಚಿ ಇಲ್ಲದವರಿಗೆ, ಅಗಿಯಲು ಆಗದವರಿಗೆ, ಒಂದೇ ಸಲ ಜಾಸ್ತಿ ತಿನ್ನಲಾಗದವರಿಗೆ ತೆಳ್ಳಗಿನ ಅಂಬಲಿಯಷ್ಟು ಅನುಕೂಲ ಇನ್ನೊಂದಿಲ್ಲ. ಟೈಫಾಯ್ಡಿನಿಂದ ಎದ್ದ ನನಗೆ ಹೊಟ್ಟೆ ನಿಂತದ್ದು ಇದರ ಮೇಲೆಯೇ, ಅತ್ತೆಗೆ ಈ ಮಾತು ಈಗಲೂ ಬಹಳ ಪ್ರಿಯ. ಮೊದಲ ವಾರ ಹಸಿ ಈರುಳ್ಳಿ ಬೇಡ, ಉಬ್ಬರ ಬರುತ್ತದೆ. ಕಿಡ್ನಿ ತೊಂದರೆ ಇರುವವರು ಅಂಬಲಿಯನ್ನೂ ಮಜ್ಜಿಗೆಯನ್ನೂ ಲೋಟಗಟ್ಟಲೆ ಕುಡಿಯುವ ಮೊದಲು ತಮ್ಮ ಡಾಕ್ಟರ್ ಹತ್ತಿರ ಪೊಟ್ಯಾಸಿಯಂ, ರಂಜಕ, ನೀರಿನ ಲೆಕ್ಕ ಕೇಳಬೇಕು. ಎಳನೀರಿಗೂ ಇದೇ ಮಾತು.

ತಂಗಳನ್ನದ ವಿಷಯ ಬೇರೆ. ತಮಿಳುನಾಡಿನವರು ಪಳೆಯ ಸೋರು ಅನ್ನುವ ಇದರ ಮೇಲೆ ಚೆನ್ನೈನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನ ವೈದ್ಯರೇ ಸಂಶೋಧನೆ ಕೈಗೊಂಡಿದ್ದಾರೆ, ಕರುಳಿನ ಉರಿಯೂತದ ರೋಗಿಗಳಿಗೆ ಉಪಯೋಗ ಆಗುತ್ತದಾ ಅಂತ. ಆ ಸುದ್ದಿ ಬಂದ ಮೇಲೆ ವಾಟ್ಸಾಪಿನಲ್ಲಿ ತಂಗಳನ್ನ ಎಲ್ಲ ರೋಗಕ್ಕೂ ಮದ್ದಾಯಿತು. ಗದ್ದೆ ಕೆಲಸಕ್ಕೆ ಹೋಗುವ ಗಟ್ಟಿ ಆಳು ಬೆಳಿಗ್ಗೆ ತಂಗಳನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಹಸಿಮೆಣಸು ಕಚ್ಚಿಕೊಂಡು ತಿಂದರೆ ನನಗೇನೂ ತಕರಾರಿಲ್ಲ. ಆದರೆ ನಿನ್ನೆ ಡಿಸ್ಚಾರ್ಜ್ ಆದವರಿಗೆ ಬೇಡ. ಕಾರಣ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ. ಇದರ ಬೀಜಕಣ ಅಕ್ಕಿಯಲ್ಲೇ ಇರುತ್ತದೆ, ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಪಾತ್ರೆಯಲ್ಲೇ ಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಮೊಳೆತು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಬೇಗ ಹುಳಿಯಾದರೆ ಆ ಹುಳಿ ಇದನ್ನು ತಡೆಯುತ್ತದೆ. ನಿಧಾನವಾದರೆ ತಡೆಯುವುದಿಲ್ಲ. ಯಾವುದು ಗೆದ್ದಿತು ಅಂತ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ತೊಂದರೆ.

ಚೇತರಿಸಿಕೊಂಡು ಮಾಮೂಲಿ ಊಟ ಮಾಡುತ್ತಿರುವವರು ತಿನ್ನಬೇಕೆಂದರೆ ಹೀಗೆ ಮಾಡಿ. ರಾತ್ರಿ ಹೊಸದಾಗಿ ಮಾಡಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ. ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಮುಳುಗಿಸಿ. ಒಂದು ಚಮಚ ಮಜ್ಜಿಗೆ ಬೆರೆಸಿದರೆ ಹುಳಿ ಬೇಗ ಹಿಡಿಯುತ್ತದೆ. ಮುಚ್ಚಿಟ್ಟು ಬೆಳಿಗ್ಗೆಯೇ ತಿಂದು ಮುಗಿಸಿ, ಮಧ್ಯಾಹ್ನಕ್ಕೆ ಉಳಿಸಬೇಡಿ. ಮಧ್ಯಾಹ್ನ ಮಾಡಿ ಕುಕ್ಕರಿನಲ್ಲೇ ಬಿಟ್ಟಿದ್ದ ಅನ್ನಕ್ಕೆ ರಾತ್ರಿ ನೀರು ಹಾಕಿದರೆ ಅದು ತಂಗಳನ್ನ ಅಲ್ಲ, ಹಳಸಿದ ಅನ್ನ. ರಾಯಚೂರಿನ ಬೇಸಿಗೆಯಲ್ಲಿ ಅಷ್ಟು ಹೊತ್ತು ಇಟ್ಟರೆ ಅತಿ ಹುಳಿ, ಮಡಿಕೇರಿಯ ಮಳೆಗಾಲದಲ್ಲಿ ಹುಳಿಯೇ ಬರದೆ ಇರಬಹುದು. ಲೋಳೆ, ಕೊಳೆತ ವಾಸನೆ, ಬಣ್ಣ ಬಂದರೆ ಚೆಲ್ಲಿ. ಸಕ್ಕರೆ ಕಾಯಿಲೆಯವರು ತಂಗಳಾದ ಕೂಡಲೇ ಅನ್ನ ಅನ್ನವಲ್ಲ ಅಂತ ತಿಳಿಯಬೇಡಿ. ಆರಿದ ಅನ್ನದಲ್ಲಿ ಅರಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ ನಿಜ, ಆದರೂ ಬಟ್ಟಲು ತುಂಬ ತಿಂದರೆ ಗ್ಲುಕೋಮೀಟರ್ ಸುಮ್ಮನಿರುವುದಿಲ್ಲ.

ಇಡ್ಲಿ, ಉಪ್ಪಿನಕಾಯಿ, ಕೊಂಬುಚಾ

ಇಡ್ಲಿ ಹಿಟ್ಟು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೋನೋಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ. ಹಬೆಯಲ್ಲಿ ಅದು ಸಾಯುತ್ತದೆ. ಹಾಗಾಗಿ ಇಡ್ಲಿ ಪ್ರೊಬಯಾಟಿಕ್ ಅನ್ನುವುದು ತಪ್ಪು. ಆದರೆ ಮೆತ್ತಗೆ, ಎಣ್ಣೆ ಇಲ್ಲ, ಬಿಸಿಯಾಗಿ ತಿನ್ನುವುದರಿಂದ ಶುದ್ಧ, ಉದ್ದಿನ ಪ್ರೋಟೀನ್ ಇದೆ. ಕಾರ್ಡಿನಲ್ಲಿ ಬರೆಯುವ ಸಾಫ್ಟ್ ಡಯಟ್ ಅಂದರೆ ನನ್ನ ಪ್ರಕಾರ ಇಡ್ಲಿ. ಕೆಳಗೆ ಹೇಳುವ, ಜೀವಂತ ಬ್ಯಾಕ್ಟೀರಿಯಾ ಕೊಡಬಾರದ ರೋಗಿಗಳಿಗೂ ಬಿಸಿ ಇಡ್ಲಿ ಕೊಡಬಹುದು.

ಉಪ್ಪಿನಕಾಯಿಯನ್ನು ಹೊಟ್ಟೆಯ ಆರೋಗ್ಯಕ್ಕೆ ಅಂತ ತಿನ್ನುವುದು ನನಗೆ ಒಪ್ಪಿಗೆಯಿಲ್ಲ. ಮಲೆನಾಡಿನ ಅಪ್ಪೆಮಿಡಿ, ಕರಾವಳಿಯ ಉಪ್ಪುನೀರಿನ ಹಲಸಿನ ತೊಳೆ, ಇವು ರುಚಿಗೆ ರಾಜ. ಉಪ್ಪುನೀರಿನಲ್ಲಿ ತಾನಾಗಿ ಹುಳಿಯಾದದ್ದರಲ್ಲಿ ಬ್ಯಾಕ್ಟೀರಿಯಾ ಇರಬಹುದು. ಆದರೆ ವರ್ಷಗಟ್ಟಲೆ ಉಳಿಯಲಿ ಅಂತ ಹಾಕುವ ಉಪ್ಪಿನ ಪ್ರಮಾಣ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತದೆ. ಬಿಪಿ, ಹೃದಯ, ಕಿಡ್ನಿ ರೋಗಿಯ ತಟ್ಟೆಯಲ್ಲಿ ಉಪ್ಪಿನಕಾಯಿ ಕಂಡರೆ ಎಲ್ಲ ಸಿಸ್ಟರ್‌ಗಳಿಗೂ ಸಿಟ್ಟು ಬರುತ್ತದೆ, ಕೇಳಿ ನೋಡಿ. ಹೊರದೇಶದಲ್ಲಿದ್ದು ಕಿಮ್ಚಿ, ಸೌರ್‌ಕ್ರೌಟ್ (ಎರಡೂ ಹುಳಿ ಬರಿಸಿದ ಕೋಸು) ಕೊಳ್ಳುವವರು ಫ್ರಿಜ್ಜಿನಲ್ಲಿಟ್ಟು ಮಾರುವುದನ್ನು ಕೊಳ್ಳಿ. ಶೆಲ್ಫಿನ ಮೇಲೆ ಸುಮ್ನೆ ಕೂತಿರುವ ಡಬ್ಬಿಯದು ಸಾಮಾನ್ಯವಾಗಿ ಬಿಸಿ ಮಾಡಿ ಮುಚ್ಚಿದ್ದು.

ಕೊಂಬುಚಾ ಬೇಡ. ಆಸ್ಪತ್ರೆಯಿಂದ ಬಂದ ಹೊಸತರಲ್ಲಂತೂ ಖಂಡಿತ ಬೇಡ. ಸಕ್ಕರೆ, ಚಹಾ, ಆಮ್ಲ, ಸ್ವಲ್ಪ ಮದ್ಯಸಾರ, ಮೇಲಿಂದ ಮನೆಯಲ್ಲಿ ಬೂಷ್ಟು ಹಿಡಿಯುವ ಭಯ. 1995ರಲ್ಲಿ ಅಮೆರಿಕದ ಅಯೋವಾದಲ್ಲಿ ದಿನಾ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಹೆಂಗಸರಿಗೆ ರಕ್ತದಲ್ಲಿ ಆಮ್ಲ ವಿಪರೀತ ಏರಿ, ಒಬ್ಬರು ತೀರಿಕೊಂಡರು. ಕೊಂಬುಚಾದಿಂದಲೇ ಅಂತ ಸಾಬೀತಾಗಲಿಲ್ಲ, ಆದರೂ ಮಜ್ಜಿಗೆ ಇರುವ ಊರಲ್ಲಿ ನಮಗೆ ಆ ಅನುಮಾನವನ್ನು ದುಡ್ಡು ಕೊಟ್ಟು ತರುವ ಅಗತ್ಯ ಏನಿದೆ?

ಕ್ಯಾಪ್ಸೂಲು, ಸ್ಯಾಚೆಟ್ಟು, ಪುಟ್ಟ ಬಾಟಲಿ

ಡಾಕ್ಟರ್ ಬರೆದಿದ್ದರೆ ತೆಗೆದುಕೊಳ್ಳಿ, ನೀವೇ ಕೇಳಿ ಕೊಳ್ಳಬೇಡಿ. ಇದು ನನ್ನ ನಿಲುವು.

ಡಾಕ್ಟರ್ ಬರೆಯಲು ಕಾರಣ ಇದೆ. ಸ್ಯಾಚೆಟ್ಟಿನಲ್ಲಿ ಬರುವ ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನುವುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಹಾಗಾಗಿ ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗಲೂ ಸಾಯುವುದಿಲ್ಲ, ಮೊಸರಿನ ಬ್ಯಾಕ್ಟೀರಿಯಾ ಸಾಯಬಹುದು. ಇದನ್ನು 1920ರ ದಶಕದಲ್ಲಿ ಇಂಡೋಚೈನಾದಲ್ಲಿ ಕಾಲರಾ ಬಂದಾಗ ಜನ ಲಿಚಿ, ಮ್ಯಾಂಗೋಸ್ಟೀನ್ ಸಿಪ್ಪೆಯ ಕಷಾಯ ಕುಡಿಯುವುದನ್ನು ನೋಡಿ ಫ್ರೆಂಚ್ ವಿಜ್ಞಾನಿ ಹೆನ್ರಿ ಬೌಲಾರ್ಡ್ ಬೇರ್ಪಡಿಸಿದರು. ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ ಬೀಜಕಣದ ರೂಪದಲ್ಲಿರುವುದರಿಂದ ಹೊಟ್ಟೆಯ ಆಮ್ಲವನ್ನು ದಾಟುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವ ಮಕ್ಕಳ ಭೇದಿಯನ್ನು ತಡೆಯಲು ಕೆಲವು ತಳಿಗಳು ಉಪಯೋಗಕ್ಕೆ ಬಂದಿವೆ.

ಆದರೆ ಔಷಧಿ ನಿಲ್ಲಿಸಿದ ಮೇಲೆ "ಹೊಟ್ಟೆ ಸರಿಹೋಗಲಿ" ಅಂತ ತಿಂಗಳುಗಟ್ಟಲೆ ನುಂಗುವುದು ಬೇರೆ ಕಥೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆ್ಯಂಟಿಬಯಾಟಿಕ್ ಮುಗಿಸಿದವರಲ್ಲಿ ಕೆಲವರಿಗೆ ಹಲವು ತಳಿಗಳ ಪ್ರೊಬಯಾಟಿಕ್ ಕೊಟ್ಟರು, ಕೆಲವರನ್ನು ಸುಮ್ನೆ ಬಿಟ್ಟರು. ಸುಮ್ನೆ ಬಿಟ್ಟವರ ಸ್ವಂತ ಬ್ಯಾಕ್ಟೀರಿಯಾ ಬೇಗ ವಾಪಸ್ ಬಂತು, ಕ್ಯಾಪ್ಸೂಲ್ ನುಂಗಿದವರದ್ದು ತಡವಾಯಿತು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುತ್ತಾರಲ್ಲ, ಹಾಗೆ ಹೊರಗಿನವು ಜಾಗ ಹಿಡಿದು ಊರಿನವು ನಿಂತುಕೊಂಡೇ ಇದ್ದವು. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2020ರ ತನ್ನ ಮಾರ್ಗಸೂಚಿಯಲ್ಲಿ ಹೆಚ್ಚಿನ ಹೊಟ್ಟೆ ತೊಂದರೆಗಳಿಗೆ ಪ್ರೊಬಯಾಟಿಕ್ ಬೇಕು ಅನ್ನುವಷ್ಟು ಪುರಾವೆ ಇಲ್ಲ ಅಂದಿತು.

ಹುಳಿ ಆಹಾರದ ಕಡೆಗೆ ತೂಗುವ ಒಂದು ಅಧ್ಯಯನ ಸ್ಟ್ಯಾನ್‌ಫರ್ಡಿನದು, 2021ರದ್ದು. 36 ಆರೋಗ್ಯವಂತರಲ್ಲಿ ಅರ್ಧ ಜನಕ್ಕೆ 10 ವಾರ ಮೊಸರು, ಕೆಫೀರ್ (ಮಜ್ಜಿಗೆಯಂಥ ಹುಳಿ ಹಾಲು), ಕಿಮ್ಚಿ, ಕೊಂಬುಚಾದಂಥ ಆಹಾರ ಜಾಸ್ತಿ, ಉಳಿದವರಿಗೆ ನಾರಿನ ಆಹಾರ ಜಾಸ್ತಿ. ಹುಳಿ ಆಹಾರ ತಿಂದವರ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತ ತೋರಿಸುವ 19 ಪ್ರೋಟೀನುಗಳು ಇಳಿದವು. ಹೌದು, ಆ ಪಟ್ಟಿಯಲ್ಲಿ ಕೊಂಬುಚಾ ಕೂಡ ಇತ್ತು. ಆದರೆ ಅವರೆಲ್ಲ ಆರೋಗ್ಯವಂತರು, ಅಂಗಡಿಯ ಮಾಲು ತಿಂದವರು, ಡ್ರಿಪ್ ಬಿಚ್ಚಿಸಿಕೊಂಡು ಬಂದವರಲ್ಲ.

ಯಾರಿಗೆ ಇದ್ಯಾವುದೂ ಕೂಡದು

ಕೀಮೋ ನಡೆಯುತ್ತಿದ್ದ ಹುಡುಗನೊಬ್ಬನಿಗೆ ಅವನ ತಾಯಿ ದಿನಾ ಸ್ಟೀಲ್ ಕ್ಯಾರಿಯರಿನಲ್ಲಿ ಮನೆ ಮಜ್ಜಿಗೆ ತರುತ್ತಿದ್ದರು. ಬಿಳಿ ರಕ್ತಕಣ ಪಾತಾಳಕ್ಕೆ ಇಳಿದಿದ್ದ ವಾರ ಅದನ್ನು ತಡೆಯಬೇಕಾಯಿತು. ಅಷ್ಟು ದೂರದಿಂದ ತಂದ ಮಜ್ಜಿಗೆಯನ್ನು ಬೇಡ ಅನ್ನುವುದು ಇಂಜೆಕ್ಷನ್ ಚುಚ್ಚುವುದಕ್ಕಿಂತ ಕಷ್ಟ. ಅವರು ಕೇಳಿದ್ದು ಸರಿಯಾಗಿಯೇ ಇತ್ತು, "ಒಳ್ಳೇ ಬ್ಯಾಕ್ಟೀರಿಯಾ ಅಲ್ವಾ ಸಿಸ್ಟರ್?" ಒಳ್ಳೇದೇ, ಕರುಳಿನೊಳಗೆ ಇರುವವರೆಗೆ. ರಕ್ಷಣೆ ಕುಸಿದಾಗ ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋದರೆ ಅದೇ ಸೋಂಕು. ಬಿಸಿ ಗಂಜಿ, ಬಿಸಿ ಇಡ್ಲಿ ತನ್ನಿ ಅಂದೆ. ಕಣಗಳು ಏರಿದ ಮೇಲೆ ಡಾಕ್ಟರೇ ಮೊಸರಿಗೆ ಒಪ್ಪಿಗೆ ಕೊಟ್ಟರು.

ಅಂಗಾಂಗ ಕಸಿ ಮಾಡಿಸಿಕೊಂಡವರು, ಜಾಸ್ತಿ ಡೋಸಿನ ಸ್ಟೆರಾಯ್ಡ್ ಮೇಲಿರುವವರು, ಐಸಿಯುನಲ್ಲಿರುವವರು, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು, ಇವರಿಗೆಲ್ಲ ಮನೆಯವರ ತೀರ್ಮಾನ ಸಾಲದು, ಡಾಕ್ಟರ್ ಹೇಳಬೇಕು. ಕುತ್ತಿಗೆಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹೋಗುವ ನಳಿಕೆ) ಹಾಕಿದವರಿಗೆ ಯೀಸ್ಟ್ ಸ್ಯಾಚೆಟ್ ಕೂಡದು ಅಂತ ಯುರೋಪಿನ ಔಷಧ ಸಂಸ್ಥೆ 2017ರಲ್ಲೇ ಹೇಳಿದೆ. ಅವರ ಮಂಚದ ಪಕ್ಕ ಆ ಸ್ಯಾಚೆಟ್ ಹರಿಯಲೂಬಾರದು, ಪುಡಿ ಗಾಳಿಯಲ್ಲಿ, ಕೈಯಲ್ಲಿ ಲೈನಿನವರೆಗೂ ಹೋಗುತ್ತದೆ. ಜೋರಾದ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆದವರ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಪ್ರೊಬಯಾಟಿಕ್ ಕೊಟ್ಟ ಗುಂಪಿನಲ್ಲಿ ಶೇಕಡಾ 16 ಸಾವು, ಕೊಡದ ಗುಂಪಿನಲ್ಲಿ ಶೇಕಡಾ 6. "ತಿಂದರೆ ಏನೂ ತೊಂದರೆ ಇಲ್ಲ ಬಿಡಿ" ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಔಷಧಿ ತಡೆಯುವ ಟಿಬಿಗೆ ಲಿನೆಜೋಲಿಡ್ ನುಂಗುತ್ತಿರುವವರಿಗೆ ಇನ್ನೊಂದು ಮಾತು. ಬಹಳ ದಿನ ಹುಳಿಯಾದ, ಹಳೆಯದಾದ ಪದಾರ್ಥಗಳಲ್ಲಿ ಟೈರಮಿನ್ ಇರುತ್ತದೆ, ಅದು ಈ ಮಾತ್ರೆಯ ಜೊತೆ ಸೇರಿ ಬಿಪಿ ಏರಿಸಬಹುದು. ಹೊಸ ಮೊಸರು ಪರವಾಗಿಲ್ಲ. ಸೋಯಾ ಸಾಸ್, ಹಳೇ ಚೀಸ್, ಕಿಮ್ಚಿ ರಾಶಿ ರಾಶಿ ತಿನ್ನಬೇಡಿ.

ಹಾಗಾದರೆ ನಮ್ಮ ಮನೆಯಲ್ಲಿ ಯಾವುದು ಅಂದರೆ: ಭೇದಿ ಇದ್ದಾಗ ಓಆರ್‌ಎಸ್, ಜೊತೆಗೆ ತೆಳು ಮಜ್ಜಿಗೆ, ಗಂಜಿ. ಭೇದಿ ನಿಂತ ಮೇಲೆ ಮೊಸರನ್ನ, ಇಡ್ಲಿ, ಹುಳಿ ಬರಿಸಿ ಬೇಯಿಸಿದ ಅಂಬಲಿ, ಬಾಳೆಹಣ್ಣು, ತೊವ್ವೆ. ತಂಗಳನ್ನ ಒಂದು ತಿಂಗಳು ತಡೆಯಲಿ. ದಿನಕ್ಕೆ ಒಂದು ಬಟ್ಟಲು ಮೊಸರು ತಪ್ಪದೆ ತಿನ್ನುವುದು ವಾರಕ್ಕೊಮ್ಮೆ ಐದು ತರಹದ ಹುಳಿ ತಿನ್ನುವುದಕ್ಕಿಂತ ಮೇಲು. ಹೊಸದನ್ನು ಶುರು ಮಾಡುವಾಗ ಒಂದೊಂದೇ, ಮಧ್ಯೆ ಎರಡು ಮೂರು ದಿನ ಬಿಟ್ಟು. ಇಲ್ಲದಿದ್ದರೆ ಯಾವುದರಿಂದ ಹೊಟ್ಟೆ ಕೆಟ್ಟಿತು ಅಂತಲೇ ಗೊತ್ತಾಗುವುದಿಲ್ಲ.

ಆ್ಯಂಟಿಬಯಾಟಿಕ್ ಮುಗಿದು ವಾರಗಳಾದ ಮೇಲೂ, ಮೂರು ತಿಂಗಳವರೆಗೂ, ದಿನಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರು ನೀರು ಭೇದಿ ಶುರುವಾದರೆ, ಜೊತೆಗೆ ಜ್ವರ, ಹೊಟ್ಟೆ ಹಿಂಡುವ ನೋವು, ರಕ್ತ ಕಂಡರೆ ಮಜ್ಜಿಗೆಗೆ ಶುಂಠಿ ಹಾಕಿ ಕಾಯುತ್ತಾ ಕೂರಬೇಡಿ. ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಅದಕ್ಕೆ ಮಲ ಪರೀಕ್ಷೆ, ಬೇರೆಯೇ ಔಷಧಿ ಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಯಾವ ಆ್ಯಂಟಿಬಯಾಟಿಕ್, ಎಷ್ಟು ದಿನ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಮನೆಯಲ್ಲಿ ಅಂಥವರಿದ್ದರೆ ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡು ಅಡುಗೆಗೆ ಹೋಗಬೇಡಿ, ಇದರ ಬೀಜಕಣ ಸ್ಯಾನಿಟೈಜರಿಗೆ ಸಾಯುವುದಿಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ ಉಜ್ಜಿ ತೊಳೆಯಿರಿ. ಶೌಚಾಲಯಕ್ಕೆ ಬ್ಲೀಚಿಂಗ್ ಹಾಕಿ. ಹೆಪ್ಪು ಹಾಕುವ ಕೆಲಸವನ್ನು ಸ್ವಲ್ಪ ದಿನ ರೋಗಿಯನ್ನು ನೋಡಿಕೊಳ್ಳದ ಬೇರೆಯವರಿಗೆ ಬಿಡಿ.